ಬ್ರಿಟನ್‌ನಲ್ಲಿ ಓದುವವರಿಗೆ: ಗೆಳೆಯರ ಜೊತೆ ವಾರಾಂತ್ಯದ ಐರ್ಲೆಂಡ್ ಪ್ರವಾಸ, ಸಮಗ್ರ ಮಾರ್ಗದರ್ಶಿ

ಮ್ಯಾಂಚೆಸ್ಟರ್, ಲೀಡ್ಸ್, ಬರ್ಮಿಂಗ್‌ಹ್ಯಾಮ್ ಕಡೆ ಓದುವ ನಮ್ಮ ಹುಡುಗ ಹುಡುಗಿಯರ ವಾಟ್ಸಾಪ್ ಗುಂಪುಗಳಲ್ಲಿ ಈ ಮೆಸೇಜ್ ಪ್ರತಿ ವರ್ಷ ಬರುತ್ತದೆ: "ಮಗಾ, ಡಬ್ಲಿನ್ ಫ್ಲೈಟ್ ಸಿಕ್ಕಾಪಟ್ಟೆ ಚೀಪ್ ಇದೆ. ಈ ವೀಕೆಂಡ್ ಹೋಗೋಣ್ವಾ?" ಎಲ್ಲರೂ ಹೂಂ ಅಂತಾರೆ. ವಿಮಾನದಲ್ಲಿ ಸುಮಾರು ಒಂದು ಗಂಟೆಯ ದಾರಿ. ಗಡಿಯಾರ ಬದಲಿಸಬೇಕಿಲ್ಲ, ಪ್ಲಗ್ ಕೂಡ ಬ್ರಿಟನ್‌ನದ್ದೇ ಮೂರು ಪಿನ್ನಿನದು. ಬೆಂಗಳೂರಿಂದ ಮೈಸೂರಿಗೆ ಹೋಗಿ ಬಂದ ಹಾಗೆ ಅನ್ನಿಸುತ್ತದೆ. ಆದರೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ "ಈ ವೀಕೆಂಡ್" ಆಗೋದಿಲ್ಲ. ಇನ್ನೆರಡು ತಿಂಗಳ ನಂತರದ ವೀಕೆಂಡ್ ಖಂಡಿತ ಆಗುತ್ತದೆ.

ಎರಡೇ ದಿನದ ಪ್ರವಾಸ ಚೆನ್ನಾಗಿ ಆಗಬೇಕಾದರೆ ಎರಡು ಕೆಲಸ ಆಗಬೇಕು. ವೀಸಾ ಕೆಲಸವನ್ನು ಬೇಗ ಶುರು ಮಾಡಬೇಕು. ಆಮೇಲೆ, ಐರ್ಲೆಂಡ್‌ನ ಬಹುಪಾಲನ್ನು ಈ ಸಲ ನೋಡೋದಿಲ್ಲ ಅಂತ ಗಟ್ಟಿ ಮನಸ್ಸು ಮಾಡಬೇಕು. ಶನಿವಾರ ಡಬ್ಲಿನ್, ಭಾನುವಾರ ಸಮುದ್ರದ ಅಂಚಿನ ಒಂದು ಜಾಗ. ಅಷ್ಟು ಸಾಕು.

ವೀಸಾ: ಎಲ್ಲಕ್ಕಿಂತ ಮೊದಲು ಇದು

ಐರ್ಲೆಂಡ್ ಬೇರೆ ದೇಶ. ಬ್ರಿಟನ್‌ನ ಭಾಗವಲ್ಲ, ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ಒಪ್ಪಂದದಲ್ಲೂ ಇಲ್ಲ. ನಿಮ್ಮ ಬ್ರಿಟನ್ ಸ್ಟೂಡೆಂಟ್ ವೀಸಾ ಅಲ್ಲಿ ನಡೆಯೋದಿಲ್ಲ. ಜರ್ಮನಿಯಲ್ಲೋ ನೆದರ್‌ಲ್ಯಾಂಡ್ಸ್‌ನಲ್ಲೋ ಓದುವ ಗೆಳೆಯರು ಬಂದು ಸೇರುವುದಾದರೆ ಅವರ ಷೆಂಗೆನ್ ವೀಸಾ ಕೂಡ ನಡೆಯೋದಿಲ್ಲ. ಎಲ್ಲರೂ ಐರ್ಲೆಂಡ್‌ನ ಅಲ್ಪಾವಧಿ ವೀಸಾ, ಅಂದರೆ 'ಸಿ' ವೀಸಾ ಮಾಡಿಸಲೇಬೇಕು.

ಗೊಂದಲ ಹುಟ್ಟೋದು ಇಲ್ಲೇ. "ನಮ್ಮ ಅಂಕಲ್ ಬ್ರಿಟನ್ ವೀಸಾದಲ್ಲೇ ಡಬ್ಲಿನ್‌ಗೆ ಹೋಗಿ ಬಂದ್ರು" ಅಂತ ಗುಂಪಿನಲ್ಲಿ ಒಬ್ಬರಾದರೂ ಹೇಳುತ್ತಾರೆ. ಅವರು ಹೇಳೋದು ನಿಜವೇ ಇರಬಹುದು. ಬ್ರಿಟಿಷ್–ಐರಿಷ್ ವೀಸಾ ಯೋಜನೆ ಅಂತ ಒಂದಿದೆ. ಭಾರತೀಯರು ಬ್ರಿಟನ್‌ಗೆ ವಿಸಿಟ್ ವೀಸಾದಲ್ಲಿ ಬಂದು, ಆ ವೀಸಾದ ಮೇಲೆ ಈ ಯೋಜನೆಯ ಗುರುತು ಇದ್ದರೆ, ಮೊದಲು ಬ್ರಿಟನ್‌ಗೆ ಬಂದಿಳಿದು ಅಲ್ಲಿಂದ ಐರ್ಲೆಂಡ್‌ಗೆ ಹೋಗಿ ಬರಬಹುದು. ಊರಿಂದ ನಿಮ್ಮನ್ನು ನೋಡೋಕೆ ಬರುವ ಅಪ್ಪ ಅಮ್ಮನಿಗೆ ಇದು ಅನುಕೂಲ. ಓದೋಕೆ ಬಂದ ನಮಗೆ ಇದು ಅನ್ವಯಿಸುವುದಿಲ್ಲ.

ಇನ್ನೊಂದು ತಪ್ಪು ಐಡಿಯಾ: ಬೆಲ್‌ಫಾಸ್ಟ್‌ಗೆ ಹೋಗಿ ಅಲ್ಲಿಂದ ಬಸ್ ಹತ್ತಿದರೆ ಗಡಿಯಲ್ಲಿ ಯಾರೂ ಕೇಳೋದಿಲ್ಲವಂತೆ. ಉತ್ತರ ಐರ್ಲೆಂಡ್ ಬ್ರಿಟನ್‌ನ ಭಾಗ, ಅಲ್ಲಿಗೆ ಹೋಗೋಕೆ ನಿಮಗೆ ಅಡ್ಡಿಯಿಲ್ಲ. ಆ ಗಡಿಯಲ್ಲಿ ಗೇಟು, ಚೆಕ್‌ಪೋಸ್ಟ್ ಇಲ್ಲ ಅನ್ನೋದೂ ನಿಜ. ಆದರೆ ಗೇಟು ಇಲ್ಲ ಅಂದ ಮಾತ್ರಕ್ಕೆ ವೀಸಾ ಬೇಡ ಅಂತ ಅಲ್ಲ. ಐರ್ಲೆಂಡ್ ಪೊಲೀಸರು, ಅಂದರೆ ಗಾರ್ಡಾ, ಬಸ್ಸು ರೈಲು ನಿಲ್ಲಿಸಿ ದಾಖಲೆ ಕೇಳುತ್ತಾರೆ. ಸಿಕ್ಕಿಬಿದ್ದರೆ ಮುಂದೆ ಹಾಕುವ ಪ್ರತಿ ವೀಸಾ ಅರ್ಜಿಯಲ್ಲೂ ಅದನ್ನು ಬರೆಯುತ್ತಾ ಹೋಗಬೇಕು. ಎರಡು ದಿನದ ಮೋಜಿಗೆ ಅಷ್ಟು ದೊಡ್ಡ ಬೆಲೆ ಕೊಡಬೇಡಿ.

ಅರ್ಜಿ ಹಾಕುವ ಕ್ರಮ ಹೀಗಿದೆ. ಐರ್ಲೆಂಡ್ ಸರ್ಕಾರದ ಎವ್ಯಾಟ್ಸ್ ಅನ್ನುವ ಆನ್‌ಲೈನ್ ತಾಣದಲ್ಲಿ ಫಾರ್ಮ್ ತುಂಬಬೇಕು. ಪ್ರಯಾಣದ ದಿನಕ್ಕಿಂತ 3 ತಿಂಗಳು ಮೊದಲಿನಿಂದ ತುಂಬಬಹುದು. ಕೊನೆಯಲ್ಲಿ ಒಂದು ಸಾರಾಂಶ ಪುಟ ಬರುತ್ತದೆ. ದಾಖಲೆಗಳನ್ನು ಯಾವ ವಿಳಾಸಕ್ಕೆ ಕಳಿಸಬೇಕು ಅಂತ ಅದರಲ್ಲೇ ಇರುತ್ತದೆ. ಅದನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ದಾಖಲೆಗಳ ಜೊತೆ ಪಾಸ್‌ಪೋರ್ಟ್ ಸೇರಿಸಿ ಕೊಡಬೇಕು. ಶುಲ್ಕ ಒಂದು ಸಲದ ಪ್ರವೇಶಕ್ಕೆ 60 ಯೂರೋ, ಹಲವು ಸಲದ್ದಕ್ಕೆ 100 ಯೂರೋ. ವಿಮಾನದ ಟಿಕೆಟ್‌ಗಿಂತ ಇದೇ ಜಾಸ್ತಿ ಆಗಬಹುದು. ಬಜೆಟ್ ಹಾಕುವಾಗಲೇ ಗುಂಪಿಗೆ ಈ ಮಾತು ಹೇಳಿಬಿಡಿ. ಆಗ ಯಾರು ನಿಜವಾಗಿ ಬರುತ್ತಾರೆ ಅನ್ನೋದು ತಾನಾಗೇ ಗೊತ್ತಾಗುತ್ತದೆ.

ದಾಖಲೆಗಳಲ್ಲಿ ತೂಕ ಇರುವುದು ನಾಲ್ಕಕ್ಕೆ. ಮೊದಲನೆಯದು ಯೂನಿವರ್ಸಿಟಿಯಿಂದ ಪತ್ರ: ಯಾವ ಕೋರ್ಸ್, ಯಾವಾಗ ಮುಗಿಯುತ್ತದೆ, ತರಗತಿಗೆ ಸರಿಯಾಗಿ ಬರುತ್ತಿದ್ದೀರಾ ಅನ್ನೋದು ಅದರಲ್ಲಿರಲಿ. ಎರಡನೆಯದು 6 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಅರ್ಜಿಗೆ ಎರಡು ದಿನ ಮೊದಲು ಅಪ್ಪನ ಖಾತೆಯಿಂದ ದೊಡ್ಡ ಮೊತ್ತ ಬಂದಿದ್ದರೆ ಅದು ಯಾಕೆ ಅಂತ ಒಂದು ಸಾಲು ಬರೆಯಿರಿ. ಮೂರನೆಯದು ಬ್ರಿಟನ್‌ನಲ್ಲಿ ಇರೋಕೆ ನಿಮಗಿರುವ ಅನುಮತಿಯ ಪುರಾವೆ. ಈಗ ಕಾರ್ಡ್ ಬದಲು ಇ-ವೀಸಾ ಇರೋದರಿಂದ ಆ ಪುಟದ ಪ್ರಿಂಟ್ ಇರಲಿ. ಪ್ರವಾಸ ಮುಗಿದ ಮೇಲೂ ಕನಿಷ್ಠ 3 ತಿಂಗಳಾದರೂ ಆ ಅನುಮತಿ ಉಳಿದಿರಬೇಕು. ಹಾಗಾಗಿ ಕೋರ್ಸಿನ ಕೊನೆಯ ವಾರಗಳಿಗೆ ಈ ಪ್ರವಾಸ ಇಟ್ಟುಕೊಳ್ಳಬೇಡಿ.

ನಾಲ್ಕನೆಯದು ನೀವೇ ಬರೆಯುವ ಪತ್ರ. ಇದನ್ನು ಕಾಪಿ-ಪೇಸ್ಟ್ ಮಾಡಬೇಡಿ. ಆರು ಜನರ ಅರ್ಜಿಯಲ್ಲೂ ಒಂದೇ ಪತ್ರ ಇದ್ದರೆ ನೋಡುವವರಿಗೆ ಏನನ್ನಿಸಬೇಡ? ನಾನು ಇಂಥ ಕೋರ್ಸ್ ಓದುತ್ತಿದ್ದೇನೆ, ಶುಕ್ರವಾರ ಸಂಜೆ ಬಂದು ಭಾನುವಾರ ರಾತ್ರಿ ವಾಪಸ್ ಹೋಗುತ್ತೇನೆ, ಸೋಮವಾರ ಕ್ಲಾಸ್ ಇದೆ, ಜೊತೆಗೆ ಇಂಥವರು ಬರುತ್ತಿದ್ದಾರೆ, ಅವರ ಅರ್ಜಿ ಸಂಖ್ಯೆ ಇದು, ಖರ್ಚು ನನ್ನದೇ. ಒಂದು ಪುಟ ಸಾಕು. ಹಿಂದೆ ಯಾವ ದೇಶವಾದರೂ ವೀಸಾ ನಿರಾಕರಿಸಿದ್ದರೆ ಅದನ್ನು ಮುಚ್ಚಿಡಬೇಡಿ. ನಿರಾಕರಣೆ ಇದ್ದರೂ ವೀಸಾ ಸಿಗುತ್ತದೆ, ಮುಚ್ಚಿಟ್ಟದ್ದು ಗೊತ್ತಾದರೆ ಕಷ್ಟ.

ವೀಸಾ ಕೈಗೆ ಬರುವ ಮೊದಲು ಟಿಕೆಟ್ ಕೊಳ್ಳಬೇಡಿ. ಅಲ್ಲಿನ ವಲಸೆ ಇಲಾಖೆಯೇ ಹೀಗೆ ಸಲಹೆ ಕೊಡುತ್ತದೆ. ಹಾಸ್ಟೆಲ್ ಮಾತ್ರ ದುಡ್ಡು ಕಟ್ಟದೆ ರದ್ದು ಮಾಡಬಹುದಾದ ರೀತಿಯಲ್ಲಿ ಬುಕ್ ಮಾಡಿಟ್ಟುಕೊಳ್ಳಿ. ಪ್ರಯಾಣಕ್ಕೆ 8 ವಾರ ಇರುವಾಗಲೇ ಅರ್ಜಿ ಸೇರಿದ್ದರೆ ನೆಮ್ಮದಿ. ಆ ಅವಧಿಯಲ್ಲಿ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿ ಇರೋದಿಲ್ಲ, ನೆನಪಿರಲಿ. ನಡುವೆ ಊರಿಗೆ ಹೋಗುವ ಯೋಚನೆ ಇದ್ದರೆ ತಾರೀಖು ನೋಡಿಕೊಂಡು ಹಾಕಿ.

ಯಾವ ವಾರಾಂತ್ಯ?

ಇಂಗ್ಲೆಂಡ್‌ನ ಬ್ಯಾಂಕ್ ಹಾಲಿಡೇ ಮತ್ತು ಐರ್ಲೆಂಡ್‌ನದ್ದು ಎಲ್ಲವೂ ಒಂದೇ ದಿನ ಬರೋದಿಲ್ಲ. ಇದು ನಮಗೆ ಲಾಭ. ಇಂಗ್ಲೆಂಡ್‌ನಲ್ಲಿ ಮೇ ಕೊನೆಯ ಸೋಮವಾರ ರಜೆ, ಐರ್ಲೆಂಡ್‌ನಲ್ಲಿ ಜೂನ್ ಮೊದಲ ಸೋಮವಾರ. ಆಗಸ್ಟ್‌ನಲ್ಲಿ ಇಂಗ್ಲೆಂಡ್‌ಗೆ ಕೊನೆಯ ಸೋಮವಾರ, ಐರ್ಲೆಂಡ್‌ಗೆ ಮೊದಲ ಸೋಮವಾರ. ನಿಮಗೆ ರಜೆ ಇದ್ದು ಅವರಿಗೆ ಇಲ್ಲದ ವಾರಾಂತ್ಯ ಹಿಡಿದರೆ ಮೂರು ದಿನ ಸಿಗುತ್ತದೆ, ಅಲ್ಲಿನ ರಜೆಯ ಜನಜಂಗುಳಿಯೂ ಇರೋದಿಲ್ಲ. ಈಸ್ಟರ್ ಸೋಮವಾರ ಮತ್ತು ಮೇ ಮೊದಲ ಸೋಮವಾರ ಎರಡೂ ಕಡೆ ರಜೆ.

ಮಾರ್ಚ್ 17 ಸೇಂಟ್ ಪ್ಯಾಟ್ರಿಕ್ ದಿನ. ಮೆರವಣಿಗೆ ನೋಡುವ ಆಸೆ ಇದ್ದರೆ ಸರಿ, ಇಲ್ಲವಾದರೆ ಆ ವಾರ ಬೇಡ. ಹಾಸಿಗೆಯ ಬೆಲೆ ಎಲ್ಲಿಗೋ ಹೋಗಿರುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ಡಬ್ಲಿನ್‌ನಲ್ಲಿ ಸಿಕ್ಸ್ ನೇಷನ್ಸ್ ರಗ್ಬಿ ಪಂದ್ಯ ಇರುವ ವಾರಾಂತ್ಯ, ಜುಲೈನಲ್ಲಿ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಐರ್ಲೆಂಡ್‌ನ ದೇಶೀ ಆಟಗಳ ಫೈನಲ್ ಇರುವ ವಾರಾಂತ್ಯವೂ ಹಾಗೆಯೇ. ಕ್ರೋಕ್ ಪಾರ್ಕ್‌ನಲ್ಲಿ 82 ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ, ಅವರಲ್ಲಿ ಅನೇಕರಿಗೆ ಆ ರಾತ್ರಿ ಕೋಣೆ ಬೇಕು.

ಬೆಳಕನ್ನೂ ಲೆಕ್ಕ ಹಾಕಿ. ಜೂನ್ ಕೊನೆಯಲ್ಲಿ ಡಬ್ಲಿನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಸುಮಾರು 10ಕ್ಕೆ. ಡಿಸೆಂಬರ್‌ನಲ್ಲಿ ಸಂಜೆ 4 ದಾಟುತ್ತಲೇ ಕತ್ತಲು. ನನ್ನ ಆಯ್ಕೆ ಮೇ ತಿಂಗಳು. ಪರೀಕ್ಷೆ ಅಡ್ಡ ಬಂದರೆ ಸೆಪ್ಟೆಂಬರ್.

ಎಷ್ಟು ಜನ, ದುಡ್ಡು ಯಾರ ಕೈಯಲ್ಲಿ

ನಾಲ್ಕರಿಂದ ಆರು ಜನ ಸರಿಯಾದ ಗುಂಪು. ಹತ್ತು ಜನ ಆದರೆ ಹೋಟೆಲ್‌ನಲ್ಲಿ ಒಂದೇ ಟೇಬಲ್ ಸಿಗೋದಿಲ್ಲ, ಎಷ್ಟೋ ಹಾಸ್ಟೆಲ್‌ಗಳು ದೊಡ್ಡ ಗುಂಪಿಗೆ ಬೇರೆ ನಿಯಮ ಹಾಕುತ್ತವೆ, ಬೆಳಿಗ್ಗೆ ಎಲ್ಲರೂ ಸ್ನಾನ ಮುಗಿಸಿ ಹೊರಡುವಷ್ಟರಲ್ಲಿ ಮಧ್ಯಾಹ್ನ. ಹತ್ತು ಜನ ಇದ್ದೇ ಇದ್ದೀರಿ ಅಂದರೆ ಎರಡು ಗುಂಪು ಮಾಡಿ, ರಾತ್ರಿ ಊಟಕ್ಕೆ ಸೇರಿ.

ಬುಕಿಂಗ್ ಎಲ್ಲಾ ಒಬ್ಬರೇ ಮಾಡಲಿ, ಖರ್ಚು ಬರೆದಿಡೋದು ಇನ್ನೊಬ್ಬರು. ಸ್ಪ್ಲಿಟ್‌ವೈಸ್‌ನಂಥ ಆ್ಯಪ್‌ನಲ್ಲಿ ಆಗಿಂದಾಗ್ಗೆ ಹಾಕಿ. ಗುಂಪಿನಲ್ಲಿ ಎಲ್ಲರ ಕೈಯೂ ಒಂದೇ ಥರ ಇರೋದಿಲ್ಲ. ಒಬ್ಬರು ಪಾರ್ಟ್‌ಟೈಮ್ ಕೆಲಸದ ದುಡ್ಡಲ್ಲಿ ಬಾಡಿಗೆ ಕಟ್ಟುತ್ತಿರುತ್ತಾರೆ, ಹೇಳಿಕೊಳ್ಳೋಕೆ ಮುಜುಗರ. ಆದ್ದರಿಂದ ಹೊರಡುವ ಮೊದಲೇ "ದಿನಕ್ಕೆ ಇಷ್ಟು, ಇದರ ಮೇಲಿನದು ಅವರವರ ಇಷ್ಟ" ಅಂತ ಮಾತಾಡಿಕೊಳ್ಳಿ. ಟಿಕೆಟ್ ಇರುವ ಜಾಗಕ್ಕೆ ಕೆಲವರು ಹೋಗಿ, ಉಳಿದವರು ಪಕ್ಕದ ಉಚಿತ ಮ್ಯೂಸಿಯಂ ನೋಡಿದರೆ ಯಾರಿಗೂ ಬೇಜಾರಿಲ್ಲ.

ವಿಮಾನವೋ ಹಡಗೋ

ವಿಮಾನದಲ್ಲಿ ಹೋಗುವುದಾದರೆ ಸೀಟಿನ ಕೆಳಗೆ ಹಿಡಿಯುವ ಚಿಕ್ಕ ಬ್ಯಾಗ್ ಒಂದೇ ಉಚಿತ ಅಂದುಕೊಳ್ಳಿ. ಅಗ್ಗದ ವಿಮಾನ ಕಂಪನಿಗಳಲ್ಲಿ ದುಡ್ಡು ಹೋಗೋದು ಬ್ಯಾಗಿಗೆ. ಯುರೋಪಿನದಲ್ಲದ ಪಾಸ್‌ಪೋರ್ಟ್ ಇರುವವರು ಸೆಕ್ಯೂರಿಟಿಗೆ ಹೋಗುವ ಮೊದಲು ಕೌಂಟರ್‌ನಲ್ಲಿ ದಾಖಲೆ ತೋರಿಸಬೇಕು ಅಂತ ಕೆಲವು ಕಂಪನಿಗಳ ನಿಯಮ ಇದೆ. ಬೋರ್ಡಿಂಗ್ ಪಾಸ್ ಫೋನ್‌ನಲ್ಲಿ ಇದ್ದರೂ ಆ ಕೌಂಟರ್‌ಗೆ ಹೋಗಿ ಬನ್ನಿ.

ಹಡಗಿನ ದಾರಿಯನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ವೇಲ್ಸ್‌ನ ಹೋಲಿಹೆಡ್‌ನಿಂದ ಡಬ್ಲಿನ್ ಬಂದರಿಗೆ ಸ್ಟೆನಾ ಲೈನ್ ಮತ್ತು ಐರಿಷ್ ಫೆರೀಸ್ ಹಡಗುಗಳಿವೆ, ಸುಮಾರು ಮೂರೂಕಾಲು ಗಂಟೆ. ಸೇಲ್‌ರೇಲ್ ಅನ್ನುವ ಟಿಕೆಟ್ ತಗೊಂಡರೆ ನಿಮ್ಮ ಊರಿನ ರೈಲು ನಿಲ್ದಾಣದಿಂದ ಡಬ್ಲಿನ್‌ವರೆಗೆ ರೈಲು, ಹಡಗು ಎರಡೂ ಒಂದರಲ್ಲೇ. ಇದರ ದರ ಹೊರಡುವ ದಿನ ಹತ್ತಿರ ಬಂತು ಅಂತ ವಿಮಾನದ ದರದ ಹಾಗೆ ಹಾರೋದಿಲ್ಲ. ವೀಸಾ ತಡವಾಗಿ ಕೈಗೆ ಬಂದು, ಅಷ್ಟರಲ್ಲಿ ವಿಮಾನ ದುಬಾರಿ ಆಗಿದ್ದರೆ ಇದೇ ದಾರಿ. ಬ್ಯಾಗಿನ ಕಾಟವೂ ಇಲ್ಲ. ಗೆಳೆಯರ ಗುಂಪಿಗೆ ಹಡಗಿನ ಡೆಕ್ ಮೇಲೆ ನಿಂತು ಐರಿಷ್ ಸಮುದ್ರ ದಾಟೋದು ವಿಮಾನಕ್ಕಿಂತ ಚೆನ್ನ ಅಂತಲೇ ನನ್ನ ಅಭಿಪ್ರಾಯ. ಚಳಿಗಾಲದಲ್ಲಿ ಮಾತ್ರ ಬಿರುಗಾಳಿಗೆ ಹಡಗು ರದ್ದಾಗುವುದುಂಟು. 2024ರ ಡಿಸೆಂಬರ್‌ನಲ್ಲಿ ಡಾರಾ ಬಿರುಗಾಳಿಗೆ ಹೋಲಿಹೆಡ್ ಬಂದರೇ ಹಾಳಾಗಿ ಜನವರಿಯವರೆಗೆ ಮುಚ್ಚಿತ್ತು.

ಉಳಿಯೋದು, ಬ್ಯಾಗಿಗೆ ತುಂಬೋದು

ನಗರದ ಮಧ್ಯದಲ್ಲೇ ಉಳಿಯಿರಿ. ಹತ್ತು ಯೂರೋ ಉಳಿಸೋಕೆ ಊರಾಚೆ ಹೋದರೆ ರಾತ್ರಿ ಟ್ಯಾಕ್ಸಿಗೆ ಅದರ ಎರಡರಷ್ಟು ಹೋಗುತ್ತದೆ. ಸ್ಮಿತ್‌ಫೀಲ್ಡ್, ಟ್ರಿನಿಟಿ ಕಾಲೇಜಿನ ಸುತ್ತಮುತ್ತ, ಲಿಫಿ ನದಿಯ ಎರಡೂ ದಡ ನಡೆದಾಡೋಕೆ ಅನುಕೂಲ. ಹಾಸ್ಟೆಲ್‌ನಲ್ಲಿ ನಾಲ್ಕು ಅಥವಾ ಆರು ಹಾಸಿಗೆಯ ಕೋಣೆ ಪೂರ್ತಿ ನಿಮ್ಮದೇ ಆದರೆ ಒಳ್ಳೆಯದು. ಪಬ್‌ಗಳೇ ತುಂಬಿರುವ ಟೆಂಪಲ್ ಬಾರ್ ಬೀದಿಯ ಮೇಲೆಯೇ ಕೋಣೆ ಬೇಡ, ನಿದ್ದೆ ಬರೋದಿಲ್ಲ.

ಬ್ಯಾಗಿಗೆ ಟೋಪಿ ಇರುವ ಮಳೆ ಜಾಕೆಟ್ ಹಾಕಿ. ಕೊಡೆ ಬೇಡ, ಅಲ್ಲಿನ ಗಾಳಿಗೆ ಅದು ಉಲ್ಟಾ ಆಗುತ್ತದೆ. ಹಿಡಿತ ಇರುವ ಶೂ, ಒಂದು ಜೊತೆ ಹೆಚ್ಚು ಕಾಲುಚೀಲ, ತೆಳ್ಳಗಿನ ಸ್ವೆಟರ್. ಅಲ್ಲಿ ನಡೆಯೋದು ಯೂರೋ, ಪೌಂಡ್ ಅಲ್ಲ, ಆದರೆ ಸಿಟಿ ಬಸ್ ಬಿಟ್ಟರೆ ಹೆಚ್ಚಿನ ಕಡೆ ಕಾರ್ಡ್ ಮುಟ್ಟಿಸಿದರೆ ಆಯಿತು. ಫೋನ್ ರೋಮಿಂಗ್ ನಿಮ್ಮ ಪ್ಲಾನ್‌ನಲ್ಲಿ ಇದೆಯಾ ಅಂತ ಹೊರಡುವ ಮೊದಲು ನೋಡಿ. ಯುರೋಪಿನ ರೋಮಿಂಗ್‌ಗೆ ದುಡ್ಡು ತಗೊಳ್ಳುವ ಕೆಲವು ಕಂಪನಿಗಳು ಐರ್ಲೆಂಡ್‌ಗೆ ಮಾತ್ರ ತಗೊಳ್ಳೋದಿಲ್ಲ.

ಶುಕ್ರವಾರ ರಾತ್ರಿ

ಡಬ್ಲಿನ್ ವಿಮಾನ ನಿಲ್ದಾಣಕ್ಕೆ ರೈಲು ಇಲ್ಲ. ಏರ್‌ಕೋಚ್, ಡಬ್ಲಿನ್ ಎಕ್ಸ್‌ಪ್ರೆಸ್ ಕೋಚ್‌ಗಳು ಬೇಗ ಮುಟ್ಟಿಸುತ್ತವೆ. ಸಾಮಾನ್ಯ ಸಿಟಿ ಬಸ್ ನಿಧಾನ, ಆದರೆ ತುಂಬಾ ಅಗ್ಗ. ಬಸ್‌ನಲ್ಲಿ ನಗದು ಕೊಡುವುದಾದರೆ ಸರಿಯಾದ ಚಿಲ್ಲರೆ ನಾಣ್ಯವೇ ಬೇಕು. ನೋಟು ತಗೊಳ್ಳೋದಿಲ್ಲ, ಚಿಲ್ಲರೆ ವಾಪಸ್ ಕೊಡೋದಿಲ್ಲ. ಆದ್ದರಿಂದ ನಿಲ್ದಾಣದ ಅಂಗಡಿಯಲ್ಲೇ ಲೀಪ್ ವಿಸಿಟರ್ ಕಾರ್ಡ್ ತಗೊಳ್ಳಿ. ಮೂರು ದಿನದ ಕಾರ್ಡ್ ಮೊದಲ ಸಲ ಮುಟ್ಟಿಸಿದ ಗಳಿಗೆಯಿಂದ 72 ಗಂಟೆ ನಡೆಯುತ್ತದೆ. ಸಿಟಿ ಬಸ್, ಲುವಾಸ್ ಟ್ರಾಮ್, ಸಮುದ್ರ ದಂಡೆಯ ಡಾರ್ಟ್ ರೈಲು ಎಲ್ಲಕ್ಕೂ ಆಗುತ್ತದೆ. ಶುಕ್ರವಾರ ರಾತ್ರಿ ಶುರುವಾದರೆ ಭಾನುವಾರ ವಾಪಸ್ ಬರುವವರೆಗೆ ಮತ್ತೆ ಟಿಕೆಟ್ ಯೋಚನೆ ಇಲ್ಲ.

ಇಮಿಗ್ರೇಷನ್‌ನಲ್ಲಿ ವೀಸಾ ಜೊತೆಗೆ ಹಾಸ್ಟೆಲ್ ಬುಕಿಂಗ್, ವಾಪಸ್ ಟಿಕೆಟ್, ಯೂನಿವರ್ಸಿಟಿ ಪತ್ರ ಕೈಯಲ್ಲಿರಲಿ. ಎಷ್ಟು ದಿನ, ಎಲ್ಲಿ ಇರ್ತೀರಾ ಅಂತ ಕೇಳಬಹುದು. ಒಬ್ಬರ ಫೋನ್‌ನಲ್ಲಿ ಎಲ್ಲರ ಟಿಕೆಟ್ ಇರೋದು ಬೇಡ. ಸಾಲಿನಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತಾರೆ.

ಶನಿವಾರ: ಡಬ್ಲಿನ್ ಅನ್ನು ನಡೆದು ನೋಡಿ

ನಗರದ ಮಧ್ಯಭಾಗ ಚಿಕ್ಕದು. ಬೆಳಿಗ್ಗೆ ಓ'ಕಾನೆಲ್ ಬೀದಿಯಲ್ಲಿ ಶುರು ಮಾಡಿ. ಸೇತುವೆಯ ಹತ್ತಿರ 19ನೇ ಶತಮಾನದ ಐರಿಷ್ ನಾಯಕ ಡೇನಿಯಲ್ ಓ'ಕಾನೆಲ್‌ನ ಪ್ರತಿಮೆ ಇದೆ. ಅದರ ಬುಡದಲ್ಲಿ ಕೂತಿರುವ ರೆಕ್ಕೆಯ ಹೆಣ್ಣುಮೂರ್ತಿಗಳನ್ನು ಹತ್ತಿರದಿಂದ ನೋಡಿ. ಕಂಚಿನ ಮೈಯಲ್ಲಿ ಗುಂಡಿನ ತೂತುಗಳಿವೆ, ಬೆರಳು ಇಟ್ಟು ನೋಡುವಷ್ಟು ಸ್ಪಷ್ಟ. ಸ್ವಲ್ಪ ಮುಂದೆ ಎಡಕ್ಕೆ ಜನರಲ್ ಪೋಸ್ಟ್ ಆಫೀಸ್. 1916ರ ಏಪ್ರಿಲ್ 24ರಂದು, ಈಸ್ಟರ್ ಸೋಮವಾರ, ಬ್ರಿಟಿಷ್ ಆಳ್ವಿಕೆಯ ವಿರುದ್ಧದ ದಂಗೆಯ ನಾಯಕ ಪ್ಯಾಟ್ರಿಕ್ ಪಿಯರ್ಸ್ ಇದರ ಮುಂದೆ ನಿಂತು ಐರಿಷ್ ಗಣರಾಜ್ಯದ ಘೋಷಣೆ ಓದಿದರು.

ಇಲ್ಲಿಂದ, ಈಗ ಮ್ಯೂಸಿಯಂ ಆಗಿರುವ ಕಿಲ್‌ಮೇನಮ್ ಜೈಲಿಗೆ ಹೋಗಿ. ಡಬ್ಲಿನ್‌ನಲ್ಲಿ ಒಂದಕ್ಕೆ ಮಾತ್ರ ದುಡ್ಡು ಕೊಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಗೈಡ್ ಜೊತೆ ಮಾತ್ರ ಒಳಗೆ ಬಿಡುತ್ತಾರೆ. ಟಿಕೆಟ್ 28 ದಿನ ಮೊದಲು ಆನ್‌ಲೈನ್‌ನಲ್ಲಿ ಬಿಡುತ್ತಾರೆ, ಬೇಗ ಖಾಲಿಯಾಗುತ್ತವೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು ಆ ದಿನವೇ ತಗೊಳ್ಳಿ. ಸಿಗದಿದ್ದರೆ ಹೋಗುವ ದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ, ರದ್ದಾದವು ಸಿಗಬಹುದು.

ಜೈಲಿನ ಕಲ್ಲು ಒಡೆಯುವ ಅಂಗಳದಲ್ಲಿ 1916ರ ಮೇ ತಿಂಗಳಲ್ಲಿ ದಂಗೆಯ 14 ಜನರನ್ನು ಗುಂಡಿಟ್ಟು ಕೊಂದರು. ಎತ್ತರದ ಬೂದು ಗೋಡೆ, ನೆಲಕ್ಕೆ ಜಲ್ಲಿ, ಎರಡು ತುದಿಯಲ್ಲಿ ಎರಡು ಕಪ್ಪು ಶಿಲುಬೆ. ಒಂದು ಶಿಲುಬೆ 13 ಜನರಿಗೆ. ಇನ್ನೊಂದು ಗೇಟಿನ ಹತ್ತಿರ, ದಂಗೆಯ ನಾಯಕರಲ್ಲೊಬ್ಬರಾದ ಜೇಮ್ಸ್ ಕಾನಲಿ ಒಬ್ಬರಿಗೇ. ಅವರು ಗಾಯದಿಂದ ನಿಲ್ಲಲಾರದ ಸ್ಥಿತಿಯಲ್ಲಿದ್ದರು. ಆಂಬುಲೆನ್ಸ್‌ನಲ್ಲಿ ತಂದು, ಆ ತುದಿಯವರೆಗೆ ನಡೆಸಲಾಗದೆ, ಗೇಟಿನ ಬಳಿಯೇ ಕುರ್ಚಿಯಲ್ಲಿ ಕೂರಿಸಿ ಗುಂಡು ಹಾರಿಸಿದರು. ಇದನ್ನು ಗೈಡ್ ಹೇಳುವಾಗ ಫೋಟೋ ತೆಗೆಯುತ್ತಿದ್ದವರೂ ಫೋನ್ ಇಳಿಸುತ್ತಾರೆ.

ನಮಗೆ ಇಲ್ಲೊಂದು ನಂಟಿದೆ. ಆ ವರ್ಷಗಳಲ್ಲಿ ಡಬ್ಲಿನ್‌ನಲ್ಲಿ ಕಾನೂನು ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳಲ್ಲಿ ವಿ. ವಿ. ಗಿರಿ ಒಬ್ಬರು. 1913ರಲ್ಲಿ ಬಂದವರು, ಐರಿಷ್ ಹೋರಾಟಗಾರರ ಪ್ರಭಾವಕ್ಕೆ ಒಳಗಾದರು. 1916ರ ದಂಗೆಯ ನಂತರ ದೇಶ ಬಿಡಬೇಕಾಯಿತು. ಮುಂದೆ ಅವರೇ 1965ರಿಂದ 1967ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು, 1969ರಲ್ಲಿ ರಾಷ್ಟ್ರಪತಿಯಾದರು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ರಾಜ್ಯ ನೀತಿ ನಿರ್ದೇಶಕ ತತ್ವಗಳು ನೆನಪಿವೆಯಲ್ವಾ? ನಮ್ಮ ಸಂವಿಧಾನಕ್ಕೆ ಅವು ಬಂದದ್ದು 1937ರ ಐರಿಷ್ ಸಂವಿಧಾನದ ಮಾದರಿಯಿಂದ.

ಮಧ್ಯಾಹ್ನ ಉಚಿತ ಜಾಗಗಳಿಗೆ ಇಡಿ. ಡಬ್ಲಿನ್ ಕ್ಯಾಸಲ್ ಆವರಣದಲ್ಲಿ ಚೆಸ್ಟರ್ ಬೀಟಿ ಮ್ಯೂಸಿಯಂ ಇದೆ. ಗಣಿ ಉದ್ಯಮದಲ್ಲಿ ದುಡ್ಡು ಮಾಡಿ 1950ರಲ್ಲಿ ಡಬ್ಲಿನ್‌ಗೆ ಬಂದು ನೆಲೆಸಿದ ಶ್ರೀಮಂತನೊಬ್ಬ ಕೂಡಿಸಿದ ಹಸ್ತಪ್ರತಿಗಳು. ಮೊಘಲ್ ಕಾಲದ ಚಿಕ್ಕ ಚಿತ್ರಗಳ ಒಳ್ಳೆಯ ಸಂಗ್ರಹ ಇಲ್ಲಿದೆ. ಕಿಲ್ಡೇರ್ ಬೀದಿಯ ಪುರಾತತ್ವ ಮ್ಯೂಸಿಯಂನಲ್ಲಿ ಜೌಗು ನೆಲದಲ್ಲಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕೆಡದೆ ಉಳಿದ ಮನುಷ್ಯ ದೇಹಗಳಿವೆ. ಚರ್ಮ, ಉಗುರು ಕೂಡ ಕಾಣುತ್ತವೆ. ಟ್ರಿನಿಟಿ ಕಾಲೇಜು 1592ರದು. ಅಂಗಳದಲ್ಲಿ ಸುಮ್ನೆ ಓಡಾಡೋಕೆ ದುಡ್ಡಿಲ್ಲ. ಸುಮಾರು 800ನೇ ಇಸವಿಯ, ಚಿತ್ರಗಳಿಂದ ಅಲಂಕರಿಸಿದ ಬೈಬಲ್ ಹಸ್ತಪ್ರತಿ ಬುಕ್ ಆಫ್ ಕೆಲ್ಸ್ ನೋಡೋಕೆ ಟಿಕೆಟ್ ಬೇಕು, ಅದು ದುಬಾರಿ. ಹಸ್ತಪ್ರತಿಗಳ ಹುಚ್ಚು ಇದ್ದವರು ಹೋಗಲಿ, ಉಳಿದವರಿಗೆ ಚೆಸ್ಟರ್ ಬೀಟಿ ಸಾಕು.

ಕಾಲು ಸೋತಾಗ ಸೇಂಟ್ ಸ್ಟೀಫನ್ಸ್ ಗ್ರೀನ್ ಪಾರ್ಕಿನಲ್ಲಿ ಕೂರಿ. ರವೀಂದ್ರನಾಥ ಟ್ಯಾಗೋರರ ಪುಟ್ಟ ಪ್ರತಿಮೆ ಇಲ್ಲಿದೆ, 2011ರಲ್ಲಿ ಇಟ್ಟದ್ದು. ದಂಗೆಯ ದಿನಗಳಲ್ಲಿ ಇಲ್ಲೂ ಗುಂಡಿನ ಕಾಳಗ ನಡೆದಿತ್ತು. ಪಾರ್ಕಿನ ಮಾಲಿ ಬಾತುಕೋಳಿಗಳಿಗೆ ಕಾಳು ಹಾಕಲಿ ಅಂತ ಎರಡೂ ಕಡೆಯವರು ದಿನಾ ಸ್ವಲ್ಪ ಹೊತ್ತು ಗುಂಡು ನಿಲ್ಲಿಸುತ್ತಿದ್ದರು.

ಊಟ

ಸಸ್ಯಾಹಾರಿಗಳಿಗೆ ಕಷ್ಟವಿಲ್ಲ, ಆದರೆ ಕೇಳಿ ತಿನ್ನಿ. ಐರಿಷ್ ಬೆಳಗಿನ ತಿಂಡಿಯ ತಟ್ಟೆಯಲ್ಲಿ ಕಪ್ಪಗೆ ದುಂಡಗೆ ಇರುವ ಪುಡ್ಡಿಂಗ್ ಸಿಹಿ ಅಲ್ಲ, ಹಂದಿಯ ರಕ್ತದ್ದು. ಬಿಳಿ ಪುಡ್ಡಿಂಗ್ ಕೂಡ ಮಾಂಸದ್ದೇ. ಹಳೆಯ ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆಯನ್ನು ದನದ ಕೊಬ್ಬಿನಲ್ಲಿ ಕರಿಯುವುದುಂಟು, "ಎಣ್ಣೆ ಯಾವುದು?" ಅಂತ ಕೇಳಿ. ಪಬ್‌ಗಳಲ್ಲಿ ಮಧ್ಯಾಹ್ನ ಸಿಗುವ ಬಿಸಿ ತರಕಾರಿ ಸೂಪ್, ಜೊತೆಗೆ ಸೋಡಾ ಬ್ರೆಡ್, ಅಲ್ಲಿನ ಗಟ್ಟಿ ಬೆಣ್ಣೆ: ಚಳಿಯಲ್ಲಿ ಇದಕ್ಕಿಂತ ಒಳ್ಳೆಯ ಊಟ ಬೇಕಿಲ್ಲ. ಸೂಪ್ ಮಾಡಿದ್ದು ತರಕಾರಿ ಬೇಯಿಸಿದ ನೀರಲ್ಲೋ ಮಾಂಸ ಬೇಯಿಸಿದ ನೀರಲ್ಲೋ ಅಂತ ಅಲ್ಲೂ ಕೇಳಬೇಕು. ವಿಕ್ಲೋ ಬೀದಿಯ ಕಾರ್ನುಕೋಪಿಯಾ 1986ರಿಂದ ನಡೆಯುತ್ತಿರುವ ಪೂರ್ತಿ ಸಸ್ಯಾಹಾರಿ ಹೋಟೆಲ್. ಮಾಂಸ ತಿನ್ನುವವರು ಅಲ್ಲಿನ ವಿದ್ಯಾರ್ಥಿಗಳ ಹಾಗೆ ಅಂಗಡಿಯಲ್ಲಿ ಚಿಕನ್ ಫಿಲೆಟ್ ರೋಲ್ ಕಟ್ಟಿಸಿಕೊಳ್ಳಿ, ಒಂದು ಹೊತ್ತು ಕಳೆಯುತ್ತದೆ. ರಾತ್ರಿ ಒಂದು ಊಟ ಮಾತ್ರ ಹೊರಗೆ, ಉಳಿದದ್ದು ಟೆಸ್ಕೋ, ಲಿಡ್ಲ್, ಡನ್ಸ್‌ನಿಂದ ಅಂದರೆ ಖರ್ಚು ಹಿಡಿತದಲ್ಲಿರುತ್ತದೆ.

ಶನಿವಾರ ರಾತ್ರಿ

ಟೆಂಪಲ್ ಬಾರ್ ಬೀದಿಯನ್ನು ಒಂದು ಸಲ ನಡೆದು ನೋಡಿ, ಫೋಟೋ ತೆಗೆಯಿರಿ, ಮುಂದೆ ಹೋಗಿ. ಅಲ್ಲಿನ ಬೆಲೆ ಪ್ರವಾಸಿಗರಿಗೆ ಅಂತಲೇ ಇಟ್ಟದ್ದು. ನಿಜವಾದ ಐರಿಷ್ ಸಂಗೀತ ಕೇಳಬೇಕಾದರೆ ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್ ಪಬ್‌ಗೆ ಹೋಗಿ. ವೇದಿಕೆ ಇಲ್ಲ. ಮೂಲೆಯ ಟೇಬಲ್ ಸುತ್ತ ಪಿಟೀಲು, ಕೊಳಲು, ಪುಟ್ಟ ಹಾರ್ಮೋನಿಯಂನಂಥ ಕಾನ್ಸರ್ಟೀನಾ ಹಿಡಿದವರು ಕೂತಿರುತ್ತಾರೆ. ಒಬ್ಬರು ಶುರು ಮಾಡಿದ ಧುನ್‌ಗೆ ಉಳಿದವರು ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತಾರೆ. ನುಡಿಸುವಾಗ ಜೋರಾಗಿ ಮಾತಾಡಬೇಡಿ. ಹಾಡುಗಾರರು ಹಾಡೋಕೆ ಶುರು ಮಾಡಿದರೆ ಇಡೀ ಪಬ್ ಮೌನವಾಗುತ್ತದೆ, ನೀವೂ ಹಾಗೆ ಇರಿ. ಕುಡಿಯದವರು ಸಂಕೋಚ ಪಡಬೇಕಿಲ್ಲ. ಒಂದು ನಿಂಬೆ ಸೋಡಾ ಹಿಡಿದು ಕೂತರೆ ಯಾರೂ ಏನೂ ಅನ್ನೋದಿಲ್ಲ. ಬೇಗ ಹೋಗಿ, ಜಾಗ ಚಿಕ್ಕದು.

ಸುರಕ್ಷತೆಯ ಮಾತು ಹೇಳಲೇಬೇಕು. 2025ರ ಜುಲೈ–ಆಗಸ್ಟ್‌ನಲ್ಲಿ ಡಬ್ಲಿನ್ ಸುತ್ತಮುತ್ತ ಭಾರತೀಯರ ಮೇಲೆ ಹಲ್ಲೆಗಳಾದವು. ಹೊತ್ತಲ್ಲದ ಹೊತ್ತಿನಲ್ಲಿ ನಿರ್ಜನ ಜಾಗಗಳಿಗೆ ಹೋಗಬೇಡಿ ಅಂತ ಭಾರತದ ರಾಯಭಾರ ಕಚೇರಿಯೇ ಎಚ್ಚರಿಕೆ ಕೊಟ್ಟಿತು. ನಾವು ಮಾತಾಡಿಸಿದ ಹೆಚ್ಚಿನ ಐರಿಷ್ ಜನ ಪ್ರೀತಿಯಿಂದಲೇ ಮಾತಾಡುತ್ತಾರೆ. ಆದರೂ ರಾತ್ರಿ ಒಬ್ಬರೇ ನಡೆಯಬೇಡಿ, ಹದಿಹರೆಯದವರ ಗುಂಪು ಏನಾದರೂ ಕೂಗಿದರೆ ತಿರುಗಿ ಮಾತಾಡದೆ ಬೆಳಕಿರುವ ಅಂಗಡಿಗೆ ಹೋಗಿ. ತುರ್ತು ಸಂಖ್ಯೆ 112 ಅಥವಾ 999. ಗುಂಪಿನಲ್ಲಿ ಯಾರು ಎಲ್ಲಿದ್ದಾರೆ ಅಂತ ಫೋನ್‌ನಲ್ಲಿ ಲೊಕೇಷನ್ ಹಂಚಿಕೊಂಡಿರಿ.

ಭಾನುವಾರ: ಒಂದನ್ನು ಆರಿಸಿ

ಹೆಚ್ಚಿನ ಗುಂಪುಗಳಿಗೆ ನಾನು ಹೇಳೋದು ಡಬ್ಲಿನ್ ಹತ್ತಿರದ ಕಡಲಂಚಿನ ಊರು ಹೋತ್. ಕಾನಲಿ ಅಥವಾ ಟಾರಾ ಸ್ಟ್ರೀಟ್ ನಿಲ್ದಾಣದಿಂದ ಡಾರ್ಟ್ ಹತ್ತಿದರೆ ಅರ್ಧ ಗಂಟೆ. ಲೀಪ್ ಕಾರ್ಡ್ ಸಾಕು. ರೈಲಿಂದ ಇಳಿದರೆ ಎದುರಿಗೆ ಮೀನುಗಾರರ ಬಂದರು, ದೋಣಿಗಳ ನಡುವೆ ಸೀಲ್‌ಗಳು ತಲೆ ಎತ್ತಿ ನೋಡುತ್ತಿರುತ್ತವೆ. ಹಸಿರು ಬಾಣದ ಗುರುತು ಹಿಡಿದು ಹೋದರೆ ಸುಮಾರು 6 ಕಿಲೋಮೀಟರ್‌ನ ಕಡಲಂಚಿನ ದಾರಿ, ಎರಡು ಗಂಟೆ. ಎಡಕ್ಕೆ ಕಡಿದಾದ ಬಂಡೆ, ಕೆಳಗೆ ಸಮುದ್ರ, ಬಲಕ್ಕೆ ಹಳದಿ ಹೂವಿನ ಮುಳ್ಳುಪೊದೆ. ಕೆಲವು ಕಡೆ ದಾರಿ ಒಬ್ಬರೇ ನಡೆಯುವಷ್ಟು ಸಣ್ಣ, ಮಳೆ ಬಂದರೆ ಕೆಸರು. ಎದುರು ಬರುವವರಿಗೆ ಒಳಗಡೆ ಸರಿದು ದಾರಿ ಬಿಡಿ, ಸೆಲ್ಫಿಗೆ ಅಂತ ಅಂಚಿಗೆ ಹೋಗಬೇಡಿ. ಬೇಲಿ ಇರುವುದು ಕಡಿಮೆ. ಸ್ವಲ್ಪ ಏರಿದ ಮೇಲೆ ದೂರದಲ್ಲಿ, ಸಮುದ್ರಕ್ಕೆ ಚಾಚಿದ ನೆಲದ ತುದಿಯಲ್ಲಿ 'ಬೇಯ್ಲಿ' ಅನ್ನುವ ದೀಪಸ್ತಂಭ ಕಾಣುತ್ತದೆ. ವಾಪಸ್ ಬಂದು ಬಂದರಿನಲ್ಲಿ ಬಿಸಿ ಚಿಪ್ಸ್ ತಿಂದರೂ ಮಧ್ಯಾಹ್ನ ಎರಡಕ್ಕೆ ಡಬ್ಲಿನ್‌ನಲ್ಲಿ ಇರುತ್ತೀರಿ. ಸಂಜೆಯ ವಿಮಾನ ಇರುವವರಿಗೆ ಇದರಷ್ಟು ನಿಶ್ಚಿಂತೆಯ ಜಾಗ ಬೇರೆ ಇಲ್ಲ.

ಕ್ಲಿಫ್ಸ್ ಆಫ್ ಮೊಹರ್ ನೋಡಲೇಬೇಕು ಅನ್ನುವವರು ಸೋಮವಾರವೂ ರಜೆ ಇದ್ದರೆ ಮಾತ್ರ ಹೋಗಿ. ಅದು ದೇಶದ ಇನ್ನೊಂದು ದಡ. ಕ್ಲೇರ್ ಕೌಂಟಿಯಲ್ಲಿ 8 ಕಿಲೋಮೀಟರ್ ಉದ್ದಕ್ಕೆ ನಿಂತ ಬಂಡೆಗಳು, ಅತಿ ಎತ್ತರದಲ್ಲಿ 214 ಮೀಟರ್. ಡಬ್ಲಿನ್‌ನಿಂದ ದಿನದ ಟೂರ್ ಬಸ್‌ಗಳು ಬೆಳಿಗ್ಗೆ ಏಳು–ಎಂಟಕ್ಕೆ ಹೊರಟು ರಾತ್ರಿ ಏಳು–ಎಂಟಕ್ಕೆ ಬರುತ್ತವೆ, ಹೆಚ್ಚಿನ ಹೊತ್ತು ಬಸ್‌ನಲ್ಲೇ. ಮಂಜು ಮುಸುಕಿದರೆ ಏನೂ ಕಾಣೋದಿಲ್ಲ. ಹೋಗುವುದಾದರೆ ಹಿಂದಿನ ರಾತ್ರಿಯೇ ಗಾಲ್ವೇಗೆ ಹೋಗಿ ಉಳಿಯಿರಿ. ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ, ಅಲ್ಲಿಂದ ಬಂಡೆಗಳಿಗೆ 350 ನಂಬರಿನ ಬಸ್ ಇದೆ. ದಾರಿಯ ಕೆಲವು ಭಾಗ ಅಪಾಯದ ಕಾರಣಕ್ಕೆ ಮುಚ್ಚಿರಬಹುದು, ಬೋರ್ಡ್ ಇದ್ದಲ್ಲಿ ದಾಟಬೇಡಿ.

ಗಾಲ್ವೇ ಚಂದದ ಊರು, ಬೀದಿ ಹಾಡುಗಾರರ ಊರು. ಕನ್ನಡಿಗರಿಗೆ ಅದು ಇನ್ನೊಂದು ಕಾರಣಕ್ಕೂ ನೆನಪಿರಬೇಕು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಅಲ್ಲಿ ವಾಸವಾಗಿದ್ದರು. 2012ರ ಅಕ್ಟೋಬರ್‌ನಲ್ಲಿ ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೂ ಗರ್ಭಪಾತ ಸಿಗದೆ, ಸೋಂಕು ಏರಿ, 31ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಾವು ಆ ದೇಶವನ್ನು ಅಲುಗಾಡಿಸಿತು. 2018ರ ಮೇ 25ರ ಜನಮತದಲ್ಲಿ ಶೇಕಡಾ 66.4 ಮಂದಿ ಗರ್ಭಪಾತದ ಮೇಲಿದ್ದ ಆ ಹಳೆಯ ನಿರ್ಬಂಧವನ್ನು ಸಂವಿಧಾನದಿಂದ ತೆಗೆಯಬೇಕು ಅಂತ ಮತ ಹಾಕಿದರು. ಇವತ್ತಿಗೂ ನೀವು ಕರ್ನಾಟಕದವರು ಅಂತ ತಿಳಿದರೆ ಕೆಲವರು ಸವಿತಾ ಹೆಸರು ತೆಗೆದು ಮಾತಾಡಬಹುದು. ಆ ಹೆಣ್ಣುಮಗಳ ಬಗ್ಗೆ ತಿಳಿದುಕೊಂಡು ಹೋಗಿ.

ಜೈಂಟ್ಸ್ ಕಾಸ್‌ವೇ, ಅಂದರೆ ಸಾಲು ಕಲ್ಲುಕಂಬಗಳ ಕಡಲದಂಡೆಯ ಟೂರ್ ಬಗ್ಗೆ ಒಂದು ಎಚ್ಚರಿಕೆ. ಅದು ಉತ್ತರ ಐರ್ಲೆಂಡ್‌ನಲ್ಲಿದೆ. ಡಬ್ಲಿನ್‌ನಿಂದ ಅಲ್ಲಿಗೆ ಹೋದರೆ ನೀವು ಐರ್ಲೆಂಡ್ ಬಿಟ್ಟು ಹೊರಟಂತೆ, ಸಂಜೆ ಮತ್ತೆ ಒಳಗೆ ಬರೋಕೆ ಹಲವು ಸಲದ ಪ್ರವೇಶದ ವೀಸಾ ಬೇಕು. ಒಂದು ಸಲದ ವೀಸಾ ಇದ್ದವರು ಆ ಟೂರ್ ಹತ್ತಬೇಡಿ.

ವಾಪಸ್

ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ಭಾನುವಾರ ಸಂಜೆ ಸಾಲು ಉದ್ದ. ಎರಡು ಗಂಟೆ ಮೊದಲು ತಲುಪಿ, ಟರ್ಮಿನಲ್ 1 ಅಥವಾ 2 ಯಾವುದು ಅಂತ ಬಸ್ ಹತ್ತುವ ಮೊದಲೇ ನೋಡಿಕೊಳ್ಳಿ. ಹಡಗಿಗೆ ಹೋಗುವವರು ಒಂದು ಗಂಟೆ ಮುಂಚೆ ಬಂದರಿನಲ್ಲಿರಿ. ಅದು ನಗರದಿಂದ ನಡೆದು ಹೋಗುವ ದೂರ ಅಲ್ಲ. ಬ್ರಿಟನ್‌ನಲ್ಲಿ ಇಳಿದಾಗ ಸಾಮಾನ್ಯವಾಗಿ ಇಮಿಗ್ರೇಷನ್ ಸಾಲು ಇರೋದಿಲ್ಲ. ಆದರೂ ವಿಮಾನ ಹತ್ತಿಸುವವರು ಬ್ರಿಟನ್‌ನ ಅನುಮತಿ ಕೇಳಬಹುದು, ಇ-ವೀಸಾ ಖಾತೆಗೆ ಲಾಗಿನ್ ಆಗುವ ಫೋನ್‌ನಲ್ಲಿ ಚಾರ್ಜ್ ಉಳಿಸಿಕೊಂಡಿರಿ.

ಲೆಕ್ಕವನ್ನು ಗೇಟಿನ ಮುಂದೆ ಕೂತಾಗಲೇ ಮುಗಿಸಿಬಿಡಿ, ಮನೆಗೆ ಹೋದ ಮೇಲೆ ಯಾರೂ ಮಾಡೋದಿಲ್ಲ. ಐರ್ಲೆಂಡ್ ವೀಸಾ ಅಂಟಿಸಿದ ಪುಟ ಮತ್ತು ಪ್ರವೇಶದ ಮುದ್ರೆಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಯಾವ ವೀಸಾ ಅರ್ಜಿಯಲ್ಲಾದರೂ ಹಿಂದೆ ಎಲ್ಲಿಗೆ, ಯಾವಾಗ ಹೋಗಿದ್ದಿರಿ ಅಂತ ಕೇಳಿದಾಗ ಅದೇ ತಾರೀಖುಗಳನ್ನು ಬರೆಯಬೇಕಾಗುತ್ತದೆ.